ಮನಿಗೆ ಬಂದು ಪೇಷಂಟ್ ನೋಡ್ಕೊಳ್ಳೋ ಬ್ರದರ್ ಸರ್ವಿಸ್, ಹುಬ್ಬಳ್ಳಿ: ನನ್ನ ಕಡಿಂದ ನಾಕೂವರಿ ಸ್ಟಾರ್

ಮೊದ್ಲ ಹೇಳಿಬಿಡ್ತೀನಿ, ಈ ರಿವ್ಯೂದಾಗ ಹೆಸರಿಲ್ಲ, ಫೋನ್ ನಂಬರಿಲ್ಲ, ಬೋರ್ಡಿನ ಫೋಟೋನೂ ಇಲ್ಲ. ಬೋರ್ಡ ಇಲ್ಲ ಅವ್ರಿಗೆ, ಫೋಟೋ ಎಲ್ಲಿಂದ ತರ್ಲಿ. "ನಿಮ್ಮ ಬಗ್ಗೆ ಬರೀತೀನ್ರಿ ಬ್ರದರ್, ನಾಕ್ ಮಂದಿಗೆ ಗೊತ್ತಾಗ್ಲಿ" ಅಂದ್ರ, "ಬರೀರಿ ಸರ್, ಬ್ಯಾಡನ್ನಂಗಿಲ್ಲ, ಹೆಸರೊಂದ ಹಾಕಬ್ಯಾಡ್ರಿ" ಅಂದು ಚಾ ಕುಡದು ಕಪ್ ತಾವ ತೊಳದಿಟ್ಟು ಹೋದ್ರು. ಹೆಸರಿಲ್ಲದ ರಿವ್ಯೂ ಯಾರಿಗೆ ಉಪಯೋಗ ಅಂತ ನನಗೂ ಅನಿಸ್ತು. ಆದ್ರ ಮನ್ಯಾಗ ಹಾಸಿಗಿ ಹಿಡದ ಹಿರಿಯಾರು ಇದ್ದವ್ರಿಗೆ ಹೆಂತಾ ಮನಷ್ಯಾನ್ನ ಹುಡಕಬೇಕು ಅನ್ನೋದರ ತಿಳೀಲಿ ಅಂತ ಬರ್ಯಾಕತ್ತೀನಿ. ಉದ್ದ ಐತಿ, ಟೈಮ್ ಇದ್ರ ಓದ್ರಿ.

ನಮ್ಮಪ್ಪ ರಿಟೈರ್ಡ್ ಫಿಟ್ಟರ್. ಗದಗ ರೋಡಿನ ರೇಲ್ವೆ ವರ್ಕ್‌ಶಾಪ್‌ನ್ಯಾಗ 36 ವರ್ಷ ತೆಗದಾರ, ಈಗ ವಯಸ್ಸು 74, ಶುಗರ್ 20 ವರ್ಷದ್ದು. ಹೋದ ದೀಪಾವಳಿ ಮುಗದು ಒಂದ್ ಹತ್ತ ದಿನಕ್ಕ ಮುಂಜಾನೆ ಹಲ್ಲು ತಿಕ್ಕಾಕ ಹೋದವ್ರು ಬಚ್ಚಲದಾಗ ಕುಸದು ಕುಂತ್ರು. ನಾವು ಶುಗರ್ ಲೋ ಆಗಿರ್ಬೇಕಂತ ಸಕ್ರಿ ನೀರು ಕುಡಸಾಕ ಹೋದ್ವಿ, ನೀರು ಬಾಯಿಂದ ಹೊರಗ ಬಂತು, ಆಮ್ಯಾಲ ಯಾರೋ ಪಿತ್ತ ಅಂದ್ರು, ಲಿಂಬಿಹಣ್ಣು ಅಂದ್ರು, ಹಿಂಗ ಮಾಡ್ಕೋತ ಕುಂತು ದವಾಖಾನಿ ಮುಟ್ಟೂದ್ರಾಗ 5 ತಾಸು ಆಗಿಹೋಗಿತ್ತು. ಲಕ್ವಾ ಹೊಡದ ನಾಕೂವರಿ ತಾಸಿನೊಳಗ ಬಂದಿದ್ರ ರಕ್ತದ ಗಂಟು ಕರಗಿಸೋ ಇಂಜೆಕ್ಷನ್ ಕೊಡಾಕ ಬರ್ತಿತ್ತು ಅಂದ್ರು ಡಾಕ್ಟರ್. ಇದು ರಿವ್ಯೂಕ್ಕ ಸಂಬಂಧ ಇಲ್ಲದ ಮಾತು, ಆದ್ರೂ ಓದಾವ್ರು ತಲ್ಯಾಗ ಇಟಗೊಳ್ರಿ: ಬಾಯಿ ಸೊಟ್ಟ ಆತು, ಒಂದ್ ಕೈ ಎತ್ತಾಕ ಬರವಲ್ದು, ಮಾತು ತೊದಲಾಕತ್ತು ಅಂದ್ರ ಲಿಂಬಿಹಣ್ಣು ಹುಡಕಬ್ಯಾಡ್ರಿ, ಗಾಡಿ ಹತ್ರಿ. ಬಲಗೈ, ಬಲಗಾಲು, ಮಾತು ಮೂರೂ ಒಮ್ಮಿಗೆ ಹೋದುವು.

ಡಿಸ್ಚಾರ್ಜ್ ಆಗಿ ನವನಗರದ ಮನಿಗೆ ಬಂದ ಮ್ಯಾಲ ಗೊತ್ತಾತು, ದವಾಖಾನ್ಯಾಗ ಮೂರು ಶಿಫ್ಟ್ ಸಿಸ್ಟರ್‌ಗೋಳು ಮಾಡೂ ಕೆಲಸ ಮನ್ಯಾಗ ನಾವು ಇಬ್ರು ಮಾಡ್ಬೇಕು ಅಂತ. ಅವ್ವಗ ಮಂಡಿನೋವು, ನನಗ ಗೋಕುಲ ರೋಡಿನ್ಯಾಗ ಅಕೌಂಟ್ಸ್ ಕೆಲಸ, ಹೆಂಡ್ತಿ ಸಾಲಿ ಟೀಚರ್. ಆನ್‌ಲೈನ್ ಹುಡುಕಿ ಒಂದು ಏಜೆನ್ಸಿಗೆ ಫೋನ್ ಮಾಡಿದ್ವಿ. ಹೆಸರು ಹೇಳಂಗಿಲ್ಲ, ಯಾಕಂದ್ರ ಒಬ್ರದ ಮ್ಯಾಲ ಹೇಳೂದೇನು, ಇಂಥವು ಓಣಿಗೊಂದು ಅದಾವ. ಅವ್ರ ಬೋರ್ಡಿನ ಮ್ಯಾಲ "ಸೇವೆ" ಅನ್ನೋ ಶಬ್ದ ಎರಡು ಸಲ ಇತ್ತು. ರಿಜಿಸ್ಟ್ರೇಷನ್ ಬ್ಯಾರೆ, ಡಿಪಾಸಿಟ್ ಬ್ಯಾರೆ, ತಿಂಗಳಿಗೆ 26,000 ಬ್ಯಾರೆ. ಕಳಿಸಿದ ಹುಡುಗ ಭಾಳ ನಯವಾಗಿ ಮಾತಾಡಾವ, ನಾವು ರೂಮಿನ್ಯಾಗ ಕಾಲಿಟ್ವಿ ಅಂದ್ರ ಎದ್ದು ಅಪ್ಪನ ಹೊದಿಕಿ ಸರಿಮಾಡಾವ, ತಲಿದಿಂಬು ತಟ್ಟಾವ, "ಅಜ್ಜಾರ ಹೆಂಗದೀರಿ" ಅನ್ನಾವ. ಅವ್ವಗಂತೂ ಭಾಳ ಸೇರಿದ್ದ. ಮೂರನೇ ವಾರ ಒಂದಿನ ನಾನ ಅಪ್ಪನ ಹೊರಳಿಸಿದ್ರ ಬೆನ್ನಿನ ಕೆಳಗ, ಟೊಂಕದ ಎಲುಬಿನ ಮ್ಯಾಲ ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಹೋಗಿ ಹಸಿ ಗಾಯ ಆಗಿತ್ತು. ಬೆಡ್ ಸೋರ್. ಎರಡು ತಾಸಿಗೊಮ್ಮಿ ಮಗ್ಗಲ ಬದಲಿಸ್ಬೇಕು ಅಂತ ಡಿಸ್ಚಾರ್ಜ್ ಚೀಟ್ಯಾಗ ಬರದದ್ದು ಆ ಹುಡುಗ ಓದಿರ್ಲಿಲ್ಲ, ಖರೇ ಹೇಳ್ಬೇಕಂದ್ರ ನಾವೂ ಓದಿರ್ಲಿಲ್ಲ, ಏರ್ ಬೆಡ್ ತಂದೀವಲ್ಲ ಅಂತ ಆರಾಮಿದ್ವಿ. ಏರ್ ಬೆಡ್ ಇದ್ರೂ ಹೊರಳಿಸಬೇಕ್ರೀ, ಅದು ನೆರವು ಅಷ್ಟ.

ಆ ಸಿಟ್ಟಿನ್ಯಾಗ ಹುಡುಗನ್ನ ಬಿಡಿಸಿ ಒಂದು ವೈಫೈ ಕ್ಯಾಮೆರಾ ತಂದೆ. ಅಪ್ಪಗ ರಿಟೈರ್‌ಮೆಂಟ್‌ದಾಗ ಕೊಟ್ಟ ಗಡಿಯಾರ ಐತಲ್ಲ ಶೋಕೇಸಿನ್ಯಾಗ, ಅದರ ಹಿಂದ ಯಾರಿಗೂ ಕಾಣಲಾರದಂಗ ಇಟ್ಟೆ. ಮುಂದ ಯಾರೇ ಬರ್ಲಿ, ನಾ ಆಫೀಸಿನ್ಯಾಗ ಕುಂತು ನೋಡ್ತೀನಿ ಅಂತ.

ಬ್ರದರ್ ಬಂದದ್ದು ಅವ್ವನ ಪರಿಚಯದಿಂದ. ಅವ್ವನ ತವರು ಬೆಟಗೇರಿ, ಅಲ್ಲಿ ಜರ್ಮನ್ ದವಾಖಾನಿ ಅಂದ್ರ ಎಲ್ಲಾರಿಗೂ ಗೊತ್ತು, ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಸಂಸ್ಥೆಯವ್ರು ಮಾಡಿದ್ದು, ನಮ್ಮ ಅಜ್ಜಿ ಹಡದದ್ದ ಅಲ್ಲೆ. ಅಲ್ಲಿ ಆಯಾ ಇದ್ದಾಕಿ ಒಬ್ಬಾಕಿ ಅವ್ವನ ಗೆಳತಿ, ಆಕಿ ಕಡೀಂದ ಈ ನಂಬರ್ ಸಿಕ್ತು. ಒಟ್ಟ ನಾಕ ಮಂದಿ ಅದಾರ, ಇಬ್ರು ಗಂಡಸರು ಇಬ್ರು ಹೆಂಗಸರು, ಎಲ್ಲಾರೂ ದವಾಖಾನ್ಯಾಗ ವಾರ್ಡ್ ಕೆಲಸ ಮಾಡಿ ಬಂದವ್ರು, ಒಂದ ಚರ್ಚಿಗೆ ಹೋಗೂವ್ರು. ಆಫೀಸಿಲ್ಲ ಏನಿಲ್ಲ. ಗಂಡಸ್ರಿಗೆ ಬ್ರದರ್, ಹೆಂಗಸ್ರಿಗೆ ಸಿಸ್ಟರ್ ಅಂತಾರ, ದವಾಖಾನ್ಯಾಗೂ ಹಂಗ ಅಂತಾರ ಚರ್ಚಿನ್ಯಾಗೂ ಹಂಗ ಅಂತಾರ, ಯಾವ ಅರ್ಥದಾಗ ಅನ್ನೋದು ನಮಗ ಬಿಟ್ಟದ್ದು. ನಮಗ ಬಂದವ್ರಿಗೆ ಐವತ್ತರ ಮ್ಯಾಲ ವಯಸ್ಸು, ತೆಳ್ಳನ ಮನಷ್ಯಾ, ಅರ್ಧ ತೋಳಿನ ಬಿಳಿ ಅಂಗಿ, ಕೈಯಾಗ ಒಂದು ಸ್ಟೀಲ್ ಡಬ್ಬಿ. ಚಿಗರಿ ಬಸ್ಸಿನ್ಯಾಗ ಬರ್ತಾರ, ಮುಂಜಾನೆ 8ಕ್ಕ ಅಂದ್ರ 7.50ಕ್ಕ ಗೇಟ್ ಸಪ್ಪಳ.

ಮೊದಲನೇ ದಿನ ಅವ್ರು ನಮ್ಮಪ್ಪನ್ನ ಮುಟ್ಟಲೇ ಇಲ್ಲ. ಒಂದು ಕುರ್ಚಿ ಎಳಕೊಂಡು ಅವ್ರ ಎಡಗಡೆ ಕುಂತ್ರು. ಬಲಗಡೆ ಕುಂತ್ರ ಕೆಲವ್ರಿಗೆ ಆ ಮಗ್ಗಲ ನೋಡಾಕ ಬರಂಗಿಲ್ಲಂತ. "ಕಾಕಾರ, ನಾ ಇವತ್ತಿಂದ ದಿನಾ ಬರ್ತೀನಿ, ನಿಮ್ಮ ಮೈ ಮುಟ್ಟಬೇಕಾಗ್ತೈತಿ, ಆದೀತಿಲ್ರೀ?" ಅಂತ ಕೇಳಿದ್ರು. ಕೇಳಿ ಸುಮ್ನ ಕುಂತ್ರು. ನಮಗ ವಿಚಿತ್ರ ಅನಿಸ್ತು, ಮಾತ ಬರಲಾರದ ಮನಷ್ಯಾಗ ಕೇಳಿ ಉತ್ತರಕ್ಕ ಕಾಯಾಕತ್ತಾರಲ್ಲ ಅಂತ. ಎರಡು ನಿಮಿಷ ಆಗಿರ್ಬೇಕು, ಅಪ್ಪ ಕಣ್ಣು ಮುಚ್ಚಿ ತೆಗದ್ರು. "ಆತು ಹಂಗಾರ" ಅಂದು ಎದ್ರು. ನಮಗ್ಯಾರಿಗೂ ಆ ತಿಂಗಳದಾಗ ಅಪ್ಪನ್ನ ಏನರ ಕೇಳ್ಬೇಕು ಅಂತ ಹೊಳದಿರ್ಲಿಲ್ಲ, ಎಲ್ಲಾ ಅವ್ರ ತಲಿ ಮ್ಯಾಲ ಮಾತಾಡ್ತಿದ್ವಿ.

ಕೆಲಸದ ಬಗ್ಗೆ ಹೇಳ್ಬೇಕಂದ್ರ, ನಾವು ಮಾಡ್ತಿದ್ದ ತಪ್ಪು ಒಂದೊಂದ ಸಿಕ್ಕುವು. ಎಬ್ಬಿಸೂಮುಂದ ಬಿದ್ದ ಕೈ ಹಿಡದು ಜಗ್ತಿದ್ವಿ, ಹಂಗ ಜಗ್ಗಿದ್ರ ಭುಜದ ಕೀಲು ಕೆಳಗ ಜಾರ್ತೈತಂತ, ಆಮ್ಯಾಲ ಜೀವಮಾನ ನೋವು. ಅಂಗಿ ತೊಡಸೂಮುಂದ ಬಿದ್ದ ಕೈ ಮೊದ್ಲ, ತೆಗಿಯೂಮುಂದ ಚಲೋ ಕೈ ಮೊದ್ಲ, ಇಷ್ಟ ಸಣ್ಣ ವಿಷಯ ನೋಡ್ರಿ, ಇದನ್ನ ತಿಳ್ಕೊಂಡ ಮ್ಯಾಲ ಹತ್ತ ನಿಮಿಷದ ಒದ್ದಾಟ ಎರಡ ನಿಮಿಷಕ್ಕ ಬಂತು. ಯೂರಿನ್ ಚೀಲ ಮಂಚದ ಮ್ಯಾಲ ಇಡ್ತಿದ್ವಿ, ಅದು ಯಾವಾಗ್ಲೂ ಹೊಟ್ಟಿಗಿಂತ ಕೆಳಗ ಇರ್ಬೇಕು. ಊಟ ಮಲಗಿಸಿ ಕೊಡಬಾರ್ದು, ನೆಟ್ಟಗ ಕುಂದ್ರಿಸಿ, ಗದ್ದ ಎದಿ ಕಡೆ ಬಗ್ಗಿಸಿ, ಅರ್ಧ ಚಮಚ ಕೊಟ್ಟು ನುಂಗಿದ್ರೋ ಇಲ್ಲೋ ಗಂಟಲಾ ನೋಡಿ ಮುಂದಿನ ಚಮಚ, ಊಟ ಆದ ಮ್ಯಾಲ ಅರ್ಧ ತಾಸು ಕುಂತ ಇರ್ಬೇಕು. ನೀರಿಗಿಂತ ಗಟ್ಟಿ ಪದಾರ್ಥ ನುಂಗಾಕ ಸರಳ ಅಂತ ಅವ್ವಗ ಜ್ವಾಳದ ನುಚ್ಚು ಮಜ್ಜಿಗಿ ಹಾಕಿ ನುಣ್ಣಗ ಅರದು ಕೊಡ್ರಿ ಅಂದ್ರು. 40 ದಿನ ಆಗಿತ್ತು ನಮ್ಮಪ್ಪ ನುಚ್ಚು ತಿಂದು. ಮೊದಲನೇ ಚಮಚ ನಾಲಿಗಿ ಮ್ಯಾಲ ಇಟ್ಟಾಗ ಅವ್ರು ಕಣ್ಣು ಮುಚ್ಚಿದ್ದು ನೋಡಿ ಅವ್ವ ಅಡಗಿಮನ್ಯಾಗ ಹೋಗಿ ನಿಂತ್ಲು.

ಇನ್ನ ಜಳಕದ್ದು. ನಾವು ಲಿಂಗಾಯತ್ರು, ಅಪ್ಪನ ಕೊರಳಾಗ ಇಷ್ಟಲಿಂಗದ ಬೆಳ್ಳಿ ಕರಡಿಗಿ ಐತಿ, ದವಾಖಾನ್ಯಾಗ ಅದನ್ನ ತೆಗದು ಪ್ಲಾಸ್ಟಿಕ್ ಚೀಲದಾಗ ಹಾಕಿ ನನ್ನ ಕೈಯಾಗ ಕೊಟ್ಟಿದ್ರು, ಆಮ್ಯಾಲ ಮನಿಗೆ ಬಂದು ಹಾಕಿದ್ವಿ. ಏಜೆನ್ಸಿ ಹುಡುಗ ಮೈ ಒರಸೂಮುಂದ ಅದನ್ನ ಹಿಂದಕ ಬೆನ್ನಿಗೆ ಸರಿಸಿ ಬಿಡ್ತಿದ್ದ. ಬ್ರದರ್ ಮೊದಲ ಸಲ ಮೈ ಒರಸೂಮುಂದ ಕೈ ತಡದ್ರು. "ಕಾಕಾರ, ಇದನ್ನ ನಾ ಮುಟ್ಟಂಗಿಲ್ಲ, ನೀವ ಹಿಡಕೊಳ್ರಿ" ಅಂದು ಅಪ್ಪನ ಎಡಗೈ ಅಷ್ಟ ಎತ್ತಿ ಕರಡಿಗಿ ಹತ್ರ ಒಯ್ದ್ರು. ಅಪ್ಪ ಎಡಗೈ ಅಂಗೈಯಾಗ ಅದನ್ನ ಹಿಡಕೊಂಡ್ರು. ಅರವತ್ತು ವರ್ಷ ದಿನಾ ಮುಂಜಾನೆ ಪೂಜಾಕ್ಕ ಲಿಂಗ ಇಟಗೊಂಡದ್ದು ಆ ಎಡಗೈಯಾಗ ಅಲ್ರೀ, ಲಕ್ವಾ ಎಲ್ಲಾ ಕಸಗೊಂಡ್ರೂ ಆ ಕೈ ಬಿಟ್ಟಿತ್ತು. ಅವತ್ತಿಂದ ಜಳಕ ಅಂದ್ರ ಹಂಗ, ಅಪ್ಪ ಹಿಡಕೊಂಡಿರ್ತಾರ, ಬ್ರದರ್ ಸುತ್ತಮುತ್ತ ಒರಸ್ತಾರ, ಆದ ಮ್ಯಾಲ ಅವ್ವ ವಿಭೂತಿ ತರ್ತಾಳ, ಬ್ರದರ್ ಬಾಲ್ದಿ ಎತಗೊಂಡು ಹೊರಗ ಹೋಗಿ ನಿಲ್ತಾರ.

ಮಂದಿ ಬಿಡ್ತಾರೇನ್ರೀ. ದೊಡ್ಡವ್ವನ ಮಗ ಮಾತಾಡ್ಸಾಕ ಬಂದಾವ ನನ್ನ ಹೊರಗ ಕರಕೊಂಡು ಹೋಗಿ "ಹುಷಾರ್ ತಮ್ಮಾ, ಕಿರಿಸ್ತಾನ್ರು ಇವ್ರು, ಮಾತ ಬರಲಾರದವ್ರ ಕಿವ್ಯಾಗ ಏನೇನ್ ಊದ್ತಾರೋ" ಅಂದ. ಸುಳ್ಳ ಯಾಕ ಹೇಳ್ಲಿ, ನನಗೂ ಒಂದಿಷ್ಟು ಆ ಸಂಶೆ ಇತ್ತು, ಕ್ಯಾಮೆರಾದಾಗ ಆಡಿಯೋನೂ ಇತ್ತಲ್ಲ, ಕೇಳೇ ಕೇಳಿದೆ. ಏನಿಲ್ಲ. "ಈಗ ಎಡಕ್ಕ ಹೊರಳೋಣ್ರೀ", "ನೀರು ಬಿಸಿ ಐತೇನ್ರೀ", ಆಮ್ಯಾಲ ಕೆಲಸ ಮಾಡ್ಕೋತ ಸಣ್ಣ ದನಿಲೇ ಏನೋ ಒಂದು ಕನ್ನಡ ಹಾಡು, ಚರ್ಚಿಂದ ಇರ್ಬೇಕು, ಒಂದ ರಾಗ ಜಗ್ಗಿ ಜಗ್ಗಿ ಹಾಡ್ತಾರ. ಸ್ವರ ಅಷ್ಟೇನ್ ಚಂದಿಲ್ಲ, ಗಂಗೂಬಾಯಿ ಹಾನಗಲ್ಲರ ಊರಾಗ ಇದ್ದು ಇದನ್ನ ಹೇಳದೆ ಬಿಡಾಕ ಬರಂಗಿಲ್ಲ.

ಈಗ ಕ್ಯಾಮೆರಾದ ಕತಿ. ಇದು ನನ್ನ ಬಗ್ಗೆನ ಇರೂ ಕಂಪ್ಲೇಂಟು.

ಅವ್ರು ಬಂದು ಎರಡು ವಾರ ಆಗಿತ್ತು. ಸೋಮವಾರ, ಅವ್ವ ಸಿದ್ಧಾರೂಢ ಮಠಕ್ಕ ಹೋಗಿದ್ಲು, ಮನ್ಯಾಗ ಅಪ್ಪ ಮತ್ತ ಬ್ರದರ್ ಇಬ್ರ. ಹನ್ನೊಂದರ ಸುಮಾರಿಗೆ ಮೊಬೈಲ್ ತೆಗದು ನೋಡಿದ್ರ ಸ್ಕ್ರೀನ್ ಕಪ್ಪ. ನೆಟ್ ಹೋಗಿರ್ಬೇಕಂತ ಬಿಟ್ಟೆ, ಐದ ನಿಮಿಷ ಬಿಟ್ಟು ನೋಡಿದ್ರ ಕಪ್ಪ, ಆದ್ರ ನೀರಿನ ಸಪ್ಪಳ ಕೇಳ್ತೈತಿ. ಹಿಂದಿನ ದಿನದ ರೆಕಾರ್ಡಿಂಗ್ ತೆಗದು ನೋಡಿದೆ, ಅವತ್ತೂ ಒಂದು ಹೊತ್ತಿಗೆ ಕಾಲು ತಾಸು ಕಪ್ಪ, ಅದರ ಹಿಂದಿನ ದಿನಾನೂ. ಯಾರೋ ಬೇಕಂತ ಮುಚ್ಚಾಕತ್ತಾರ. ನನ್ನ ತಲ್ಯಾಗ ಏನೇನ್ ಬಂತು ಅಂತ ಇಲ್ಲೆ ಬರಿಯಂಗಿಲ್ಲ. ಮ್ಯಾನೇಜರ್‌ಗ ಹೇಳಿದೆನೋ ಇಲ್ಲೋ, ಬೈಕ್ ಹತ್ತಿದೆ, ವಿದ್ಯಾನಗರ, ಉಣಕಲ್ ಕೆರಿ, ಭೈರಿದೇವರಕೊಪ್ಪ ಎಲ್ಲಾ ಹೆಂಗ್ ದಾಟಿದೆ ಗೊತ್ತಿಲ್ಲ, ಮನಿಗೆ ಬಂದು ಬಾಗಲಾ ದೂಡಿದೆ.

ಅಪ್ಪಗ ಹೊಟ್ಟಿ ಕೆಟ್ಟಿತ್ತು. ಎರಡನೇ ಸಲ ಸ್ವಚ್ಛ ಮಾಡಾಕತ್ತಿದ್ರು ಅವ್ರು. ಅಪ್ಪನ ಮೈ ಮ್ಯಾಲ ಎದಿಯಿಂದ ಮಂಡಿ ತನಕ ಒಂದು ದೊಡ್ಡ ಟವೆಲ್ಲು, ಎಷ್ಟು ಬೇಕೋ ಅಷ್ಟ ಎತ್ತಿ, ಒರಸಿ, ಮತ್ತ ಮುಚ್ಚಿ. ಶೋಕೇಸಿನ ಗಡಿಯಾರದ ಮ್ಯಾಲ ಅವ್ರ ಕರ್ಚೀಪು, ನೀಟಾಗಿ ನಾಕ್ ಮಡಿಕಿ ಮಾಡಿ ಹಾಕಿದ್ದು. ನನ್ನ ಮಾರಿ ನೋಡಿದ್ರ ಅವ್ರಿಗೆ ತಿಳದಿರ್ಬೇಕು ನಾ ಯಾಕ ಓಡಿಬಂದೆ ಅಂತ. ಕೈ ನಿಲ್ಲಿಸ್ಲಿಲ್ಲ. "ಕ್ಯಾಮೆರಾ ಇರ್ಲಿ ಸರ್, ನನಗ ತ್ರಾಸಿಲ್ಲ. ಈ ಹೊತ್ತಿನ್ಯಾಗ ಅಷ್ಟ ಬ್ಯಾಡ. ಡೈಪರ್ ಬಿಚ್ಚಿದಾಗೊಮ್ಮಿ ಕಾಕಾರು ಆ ಕಡೆ ನೋಡ್ತಾರ" ಅಂದ್ರು.

ಅಪ್ಪಗ ಗೊತ್ತಿತ್ತು. ನಾ ಮುಚ್ಚಿಟ್ಟೀನಿ ಅಂತ ತಿಳ್ಕೊಂಡಿದ್ದೆ, ಮಲಕೊಂಡ ಮನಷ್ಯಾ ದಿನಾ ನೋಡೂದು ಆ ಗಡಿಯಾರನ ಅಲ್ರೀ. ಮಾತ ಬರಂಗಿಲ್ಲಂತ ಬ್ಯಾಡ ಅನ್ನಾಕೂ ಬರ್ಲಿಲ್ಲ ಅವ್ರಿಗೆ. ಅವತ್ತ ರಾತ್ರಿ ಎರಡು ವಾರದ ರೆಕಾರ್ಡಿಂಗ್ ಅಳಿಸಿದೆ, ಅಳಸೂಮುಂದ ಒಂದೆರಡು ಕಡೆ ತೆಗದು ನೋಡಿದೆ, ಖರೇನ ಅಪ್ಪ ನನ್ನ ನೋಡಾಕತ್ತಿದ್ರು. ಕ್ಯಾಮೆರಾ ಈಗ ಗೇಟಿಗೆ ಹಾಕೀನಿ, ಹಾಲಿನವ ಬಂದದ್ದು ಗೊತ್ತಾಗ್ತೈತಿ.

ಅಳಸೂಕಿಂತ ಮೊದ್ಲ ಇನ್ನೊಂದು ಕಂಡಿತ್ತು, ಅದನ್ನೂ ಹೇಳ್ಬೇಕು. ಒಂದೆರಡು ರಾತ್ರಿ ಶಿಫ್ಟ್ ಮಾಡಿದ್ರಲ್ಲ ಅವ್ರು, ರಾತ್ರಿ 12, 2, 4ಕ್ಕ ಎದ್ದು ಹೊರಳಿಸೂದು, ಹಿಮ್ಮಡಿ ಹಾಸಿಗಿಗೆ ತಾಗಬಾರ್ದಂತ ಮೀನಖಂಡದ ಕೆಳಗ ದಿಂಬು ಇಡೂದು, ಕೆಂಪಾದ ಜಾಗಾ ಬೆರಳಿಲೇ ಒತ್ತಿ ನೋಡೂದು. ಒತ್ತಿದ್ರ ಬೆಳ್ಳಗಾಗಿ ಮತ್ತ ಕೆಂಪಾದ್ರ ಪಾಡು, ಬೆಳ್ಳಗಾಗದ ಕೆಂಪ ಉಳದ್ರ ಗಾಯದ ಸುರುವಾತು ಅಂತ. ಮುಂಜಾನೆ ನಾವು ಎದ್ದಾಗ ಇದ್ಯಾವ್ದೂ ಹೇಳ್ತಿರ್ಲಿಲ್ಲ, ಒಂದು ಹಾಳ್ಯಾಗ ಟೈಮ್ ಬರದಿಟ್ಟು ಹೋಗೂವ್ರು. ಕ್ಯಾಮೆರಾ ತೆಗದ ಮ್ಯಾಲ ಹೆಂಗ್ ನಂಬಿದ್ರಿ ಅಂತ ನೀವು ಕೇಳ್ಬಹುದು. ನಮ್ಮಪ್ಪನ ಬೆನ್ನು ನೋಡಿ ನಂಬಿದೆ. ಏಳು ವಾರಕ್ಕ ಗಾಯ ತುಂಬಿ ಹೊಸ ಚರ್ಮ ಬಂತು.

ಒಂದಿನ ಚಾ ಕುಡಿಯೂಮುಂದ ಕೇಳೇಬಿಟ್ಟೆ, ಯಾರೂ ನೋಡಲಾರದಾಗ ಇಷ್ಟ್ಯಾಕ ಮಾಡ್ತೀರಿ ಅಂತ. "ನಾ ಏನ್ ಬೋಧಕ ಅಲ್ರೀ ಸರ್" ಅಂತ ಮೊದ್ಲ ಜಾರ್ಕೊಂಡ್ರು. ಬಿಡ್ಲಿಲ್ಲ ನಾ. ಆಮ್ಯಾಲ ಹೇಳಿದ್ರು, ಬೈಬಲ್‌ನ್ಯಾಗ ಪೌಲ ಅನ್ನಾವ ಕೊಲೊಸ್ಸೆ ಊರಿನ ಸಭಾಕ್ಕ ಬರದ ಪತ್ರದಾಗ ಐತಂತ, ಮೂರನೇ ಅಧ್ಯಾಯ, 22 ಮತ್ತ 23ನೇ ವಚನ: ಯಜಮಾನನ ಕಣ್ಣ ಮುಂದಷ್ಟ ಮಾಡಿ ಮೆಚ್ಚಿಸೂವ್ರಂಗ ಮಾಡಬ್ಯಾಡ್ರಿ, ಏನ ಮಾಡಿದ್ರೂ ಮನಷ್ಯಾರಿಗಲ್ಲ ಕರ್ತಗ ಮಾಡಾಕತ್ತೀನಿ ಅಂತ ಮನಸಿಟ್ಟು ಮಾಡ್ರಿ. ನಾ ಧಾರವಾಡದ ಕಿಟೆಲ್ ಕಾಲೇಜಿನ್ಯಾಗ, ಅಂದ್ರ ಕ್ರೈಸ್ತರ ಕಾಲೇಜಿನ್ಯಾಗ, ಪಿಯುಸಿ ಓದಿದಾವ, 1837ರಾಗ ಬಾಸೆಲ್ ಮಿಶನ್ ಧಾರವಾಡಕ್ಕ ಬಂದದ್ದು, 1839ಕ್ಕ ಹುಬ್ಬಳ್ಳಿ, 1841ಕ್ಕ ಬೆಟಗೇರಿ, 1894ರಾಗ ಕಿಟೆಲ್ ಡಿಕ್ಷನರಿ, ಎಲ್ಲಾ ಭಾಷಣದಾಗ ಕೇಳೀನಿ, ಈ ಎರಡು ಸಾಲು ಕೇಳಿರ್ಲಿಲ್ಲ, ಕೇಳಿದ್ರೂ ಹಿಂದಿನ ಬೆಂಚಿನ್ಯಾಗ ಕುಂತಿರ್ತಿದ್ದೆ.

ಮೊಬೈಲಿನ್ಯಾಗ ತೆಗದು ಓದಿದೆ. ಓದಿದ್ರ ಅದು ಸುರುವಾಗೂದು "ದಾಸರೇ" ಅಂತ. ಅಂದ್ರ ಗುಲಾಮರಿಗೆ ಹೇಳಿದ ಮಾತು. ನನಗ ಅದು ಸೇರ್ಲಿಲ್ಲ, ಮರುದಿನ ಹೇಳಿದೆ: "ಬ್ರದರ್, ದುಡಿಸ್ಕೊಳ್ಳಾವ್ರಿಗೆ ಭಾಳ ಅನುಕೂಲ ಐತ್ರೀ ಇದು, ಆಳು ನಿಯತ್ತಿಲೇ ದುಡೀಬೇಕು, ಕೇಳೂವಂಗಿಲ್ಲ." ಅವ್ರು ನಕ್ಕರು. "ಅಲ್ಲೇ ನಿಲ್ಲಿಸಿದ್ರೇನು ಸರ್, ಮುಂದಿನ ಅಧ್ಯಾಯದ ಮೊದಲನೇ ವಚನ ಓದ್ರಿ." ಓದಿದೆ. ಯಜಮಾನ್ರಿಗೆ ಹೇಳ್ಯಾನ: ನಿಮ್ಮ ಆಳುಗಳಿಗೆ ನ್ಯಾಯವಾದದ್ದು, ಸರಿಯಾದದ್ದು ಕೊಡ್ರಿ, ನಿಮಗೂ ಪರಲೋಕದಾಗ ಒಬ್ಬ ಯಜಮಾನ ಇದ್ದಾನ ಅನ್ನೋದು ಗೊತ್ತಿರ್ಲಿ. ಆ ತಿಂಗಳ ಅವ್ರ ಪಗಾರ ನಾ ಆರು ದಿನ ತಡ ಮಾಡಿದ್ದೆ. ಅವ್ರು ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ, ನಾನೂ ಏನೂ ತಿಳೀಲಾರದಾವನಂಗ ಅಲ್ಲೇ ಕುಂತಲ್ಲೇ ಫೋನ್‌ಪೇ ಮಾಡಿದೆ. ಇಬ್ರೂ ಚಾ ಕುಡದ್ವಿ.

ರೇಟ್ ಹೇಳಿಬಿಡ್ತೀನಿ, ಹಗಲು 12 ತಾಸಿಗೆ 900, ರಾತ್ರಿಗೆ 1,000, ಡಿಪಾಸಿಟ್ ಇಲ್ಲ. ಪುಕಟ್ ಸೇವಾ ಅಂತ ತಿಳ್ಕೋಬ್ಯಾಡ್ರಿ, ಅವ್ರಿಗೂ ಮನಿ ಐತಿ, ಮಗಳ ನರ್ಸಿಂಗ್ ಫೀ ಐತಿ. ನಮ್ಮ ಮಾವ ಒಬ್ಬಾವ "ದೇವರ ಕೆಲಸ ಅಂತೀರಿ, ರೊಕ್ಕಾ ಯಾಕ" ಅಂತ ಕೇಳಿದ್ದ, ಆ ಪತ್ರ ಬರದ ಪೌಲ ತಂಬು ಹೊಲದು ಹೊಟ್ಟಿ ಹೊರಕೊಂಡಾವ ಅಂತ ಅವ್ರು ಹೇಳೂಕಿಂತ ಮೊದ್ಲ ನಮ್ಮವ್ವನ ಹೇಳಿದ್ಲು, ಆಕಿಗೂ ಯಾವಾಗ ಕಲಿಸಿದ್ರೋ.

ಅರ್ಧ ಸ್ಟಾರ್ ಯಾಕ ಕಡಿಮಿ ಅಂದ್ರ ಕಾರಣ ಅದಾವ. ರವಿವಾರ ಮುಂಜಾನೆ ಎಷ್ಟ ಬೇಡಿಕೊಂಡ್ರೂ ಬರಂಗಿಲ್ಲ, ನಾಕರಾಗ ಒಬ್ರೂ ಬರಂಗಿಲ್ಲ, ಮಧ್ಯಾಹ್ನ 1ರ ಮ್ಯಾಲ. ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್ ಹಂಗ. ಕ್ರಿಸ್ಮಸ್ ದಿನ ಸಂಜಿಕೆ ಕರೀಲಾರದ ಅರ್ಧ ತಾಸು ಬಂದು ಮಗ್ಗಲ ಬದಲಿಸಿ ಕರ್ಚಿಕಾಯಿ ಡಬ್ಬಿ ಕೊಟ್ಟು ಹೋದ್ರು ಅನ್ನೋದು ಬ್ಯಾರೆ ಮಾತು, ಅಪ್ಪಗ ಶುಗರ್ ಅಂತ ನಮ್ಮ ಕಡೆ ಕೊಟ್ಟು ಅಪ್ಪನ ಎದುರಿಗೆ ತಿನ್ನಬ್ಯಾಡ್ರಿ ಅಂದ್ರು. ಪಕ್ಕಾ ಬಿಲ್ ಕೊಡಂಗಿಲ್ಲ, ಕ್ಲೇಮ್ ಮಾಡೂವ್ರಿಗೆ ಇದು ದೊಡ್ಡ ತ್ರಾಸು. ಕೆಲಸದಾಗ ಇದ್ದಾಗ ಫೋನ್ ಎತ್ತಂಗೇ ಇಲ್ಲ, ಡಬ್ಬಿ ಸಂಗಟ ಚೀಲದಾಗ ಇಟ್ಟುಬಿಡ್ತಾರ, ಅರ್ಜೆಂಟ್ ಏನರ ಹೇಳ್ಬೇಕಂದ್ರ ಬಾಜೂ ಮನಿಯವ್ರಿಗೆ ಫೋನ್ ಮಾಡ್ಬೇಕು. ಮತ್ತ ಬೈತಾರ. ನನಗಲ್ಲ, ನಮ್ಮೆಲ್ಲಾರಿಗೂ. ಬಂದ ಬೀಗರು ಅಪ್ಪನ ಮುಂದ "ಇನ್ನ ಹೆಂಗೋ ಏನೋ" ಅಂತ ಅತ್ರ, "ಕಾಕಾರಿಗೆ ಕಿವಿ ಕೇಳ್ತಾವ್ರೀ" ಅಂತ ಎಲ್ಲಾರ ಎದುರಿಗೆ ಅಂದುಬಿಡ್ತಾರ. ಒಬ್ರು ಸಿಟ್ಟಾಗಿ ಇನ್ನೂ ಬಂದಿಲ್ಲ.

ಇನ್ನೊಂದು, ನಾಕೂ ಮಂದಿ ಒಂದ ನಮೂನಿ ಇಲ್ಲ. ಫೆಬ್ರುವರಿದಾಗ ಬ್ರದರ್‌ಗ ಜ್ವರ ಬಂದು ನಾಕ್ ದಿನ ಇನ್ನೊಬ್ಬ ಸಣ್ಣ ವಯಸ್ಸಿನ ಬ್ರದರ್ ಬಂದಿದ್ದ. ಪಾಪ ಒಳ್ಳೇವ, ಆದ್ರ ಗಡಿಬಿಡಿ. ಗುಳಿಗಿ ಕೊಟ್ಟು ನೀರು ಜಗ್ಗ ಕುಡಿಸಿದ, ಅಪ್ಪಗ ಠಸಕಿ ಹತ್ತಿ ಮಾರಿ ಕೆಂಪಾಗಿ ಹೋತು. ಅವ್ವ ಹಿತ್ತಲದಾಗಿದ್ಲು, ನೋಡಿರ್ಲಿಲ್ಲ, ಸುಧಾರಿಸ್ಕೊಂಡ್ರು ಅಪ್ಪ, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆ ಹುಡುಗ ಸಂಜೀಕ ನಾ ಬರೂತನಕ ಕಾದು ಕುಂತು ತಾನ ಹೇಳಿದ, ನನ್ನ ತಪ್ಪಿಂದ ಹಿಂಗಾತು, ರಾತ್ರಿ ಜ್ವರ ಬರ್ತಾವೇನ್ ನೋಡ್ರಿ, ಉಸರಾಟ ಜೋರಾದ್ರ ದವಾಖಾನಿಗೆ ಒಯ್ರಿ ಅಂತ. ನೀರು ಪುಪ್ಪುಸಕ್ಕ ಹೋಗಿದ್ರ ನ್ಯುಮೋನಿಯಾ ಆಗಬಹುದು, ಅದಕ್ಕ. ನಾ ಒಂದಿಷ್ಟು ಒದರಾಡಿದೆ ಅವತ್ತು. ಆಮ್ಯಾಲ ಮಲಕೊಂಡು ಏಜೆನ್ಸಿ ಹುಡುಗ ನೆನಪಾದ, ಬೆನ್ನಿನ ಗಾಯ ಅವಗ ಗೊತ್ತಿರ್ಲಿಲ್ಲೇನು, ದಿನಾ ಅಂಗಿ ಬದಲಿಸ್ತಿದ್ದನಲ್ಲ. ಜ್ವರ ಬರ್ಲಿಲ್ಲ, ದೇವರ ದಯಾ. ಹಂಗಂತ ತಪ್ಪ ತಪ್ಪ, ಅರ್ಧ ಸ್ಟಾರಿನ್ಯಾಗ ಇದರದ ದೊಡ್ಡ ಪಾಲು.

ಕಾಲಿಂದ ಒಂದು ಹೇಳಿ ಮುಗಸ್ತೀನಿ. ಶುಗರ್ ಇದ್ದ ಭಾಳ ಮಂದಿ ಕಾಲಿಗೆ ಬಿಸಿ ತಣ್ಣಗ ಸರಿಯಾಗಿ ತಿಳ್ಯಂಗಿಲ್ಲ, ಅದಕ್ಕ ಮೊಣಕೈ ಅದ್ದಿ ನೋಡಿ ಉಗುರಬೆಚ್ಚ ನೀರಿನ ಟಬ್ಬಿನ್ಯಾಗ ಇಟ್ಟು ತೊಳದು, ಬೆರಳಸಂದಿ ಒಂದೊಂದ ಒಣಾ ಅರಬಿಲೇ ಒರಸ್ತಾರ, ಎಣ್ಣಿ ಹಚ್ಚಿದ್ರೂ ಸಂದ್ಯಾಗ ಹಚ್ಚಂಗಿಲ್ಲ, ಹಸಿ ಉಳದ್ರ ಅಲ್ಲೇ ಕೊಳೀತೈತಿ. ಮೊದಮೊದಲು ಅಪ್ಪ ಎಡಗಾಲ ಹಿಂದಕ ಜಗ್ಗತಿದ್ರು, ತಮ್ಮ ಕಾಲು ಇನ್ನೊಬ್ರ ಕೈಯಾಗ ಕೊಡೂದು ಅಂದ್ರ ನಾಚಿಕಿ. ಬ್ರದರ್ ನೆಲದ ಮ್ಯಾಲ ಕುಂತು ನಕ್ಕೋತ "ಪೇತ್ರನೂ ಹಿಂಗ ಮಾಡಿದ್ದರೀ ಕಾಕಾರ, ಆಮ್ಯಾಲ ಕಾಲಷ್ಟ ಅಲ್ಲ ಕೈ ತಲಿನೂ ತೊಳಿ ಅಂದ" ಅಂದ್ರು. ಕಡೇ ರಾತ್ರಿ ಯೇಸು ಶಿಷ್ಯರ ಕಾಲು ತೊಳದ ಕತಿ ಅದು. ಅಪ್ಪಗ ಪೇತ್ರ ಯಾರೋ ಏನೋ, ಆದ್ರ ಕಾಲು ಬಿಟ್ರು.

ಉಗುರು 15 ದಿನಕ್ಕೊಮ್ಮಿ. ಬಲಗೈ ಈಗ ಬಿಗಿ ಮುಟಗಿ ಆಗೇತಿ, ಲಕ್ವಾ ಆದ ಮ್ಯಾಲ ಕೆಲವ್ರಿಗೆ ಹಂಗಾಗ್ತೈತಂತ, ಉಗುರು ಬಿಟ್ರ ಅಂಗೈಯಾಗ ಚುಚ್ಚಿ ಗಾಯ. ಮುಟಗಿ ಜಗ್ಗಂಗಿಲ್ಲ ಅವ್ರು, ಮಣಿಕಟ್ಟು ಒಳಗ ಬಗ್ಗಿಸಿ ಕಾಯ್ತಾರ, ಬೆರಳು ತಾವ ಸಡಲ ಆಗ್ತಾವ, ಆಗ ಒಂದೊಂದ ಬಿಡಿಸಿ, ಕಟ್ ಮಾಡಿ, ಸಣ್ಣ ಫೈಲಿಲೇ ತಿಕ್ಕಿ, ಅಂಗೈ ಒರಸಿ ಒಣಗಿಸಿ ಒಂದು ಸುತ್ತಿದ ಕರ್ಚೀಪು ಹಿಡಸ್ತಾರ. ಹೋದ ಶನಿವಾರ ನಾ ಮನ್ಯಾಗಿದ್ದೆ. ಅಪ್ಪನ್ನ ಕಿಡಕಿ ಹತ್ರ ಕುರ್ಚ್ಯಾಗ ಕುಂದ್ರಿಸಿದ್ರು. ಎಲ್ಲಾ ಆದ ಮ್ಯಾಲ ಅಪ್ಪ ತಮ್ಮ ಎಡಗೈ ತಂದು ಬಲಗೈ ಉಗುರಿನ ಅಂಚಿನ ಮ್ಯಾಲ ಹೆಬ್ಬಟ್ಟು ಆಡಸಾಕತ್ರು, ಸಾವಕಾಶ, ಒಂದು ಕಡಿಂದ ಇನ್ನೊಂದು ಕಡಿಗೆ. ನನಗ ಮೈ ಜುಮ್ ಅಂತು. ಸಣ್ಣಾವಿದ್ದಾಗ ನೋಡೀನಿ ಅದನ್ನ, ಮನ್ಯಾಗ ಏನರ ಕಬ್ಬಣದ ಕೆಲಸ ಮಾಡಿದ್ರ ಫೈಲ್ ಹೊಡದಾದ ಮ್ಯಾಲ ಅಂಚಿನ ಮ್ಯಾಲ ಹಿಂಗ ಹೆಬ್ಬಟ್ಟು ಆಡಿಸಿ ಮುಳ್ಳು ಉಳದೈತೇನ್ ನೋಡೂವ್ರು. ಸಣ್ಣ ಬೆರಳಿಂದ ಸುರು ಮಾಡಿ ಉಂಗುರದ ಬೆರಳು, ನಡುಬೆರಳು ದಾಟಿ ತೋರಬೆರಳಿಗೆ ಬಂದು ನಿಂತ್ರು. ಮತ್ತೊಮ್ಮಿ ಆಡಿಸಿದ್ರು. ಆಮ್ಯಾಲ ಅದರ ಮ್ಯಾಲ ಎರಡು ಸಲ ತಟ್ಟಿ ಬ್ರದರ್ ಮಾರಿ ನೋಡಿದ್ರು.

"ಹೌದ್ರೀ ಕಾಕಾರ, ಉಳದೈತಿ" ಅಂದು ಅವ್ರು ಮತ್ತ ಫೈಲ್ ತೊಗೊಂಡ್ರು.